ಬಾಸೆಲ್ ಮಿಷನ್ನಿನ ಬೀದಿ ಬೋಧಕರು: ನಂಬಿಕೆಯ ಮೂಲತತ್ವಗಳು ಮತ್ತು ಕನ್ನಡ

ಕನ್ನಡದ ಸಾಂಸ್ಕೃತಿಕ ಚರಿತ್ರೆಯಲ್ಲಿ ಬಾಸೆಲ್ ಮಿಷನ್ನಿನ ವಿದ್ವಾಂಸರಿಗೆ ಗೌರವದ ಸ್ಥಾನವಿದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಬೃಹತ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್, ತುಳು ನಿಘಂಟನ್ನು ರಚಿಸಿದ ಮ್ಯಾನರ್ ಇವರ ಹೆಸರುಗಳು ನಮಗೆ ಪರಿಚಿತ. ಆದರೆ ಇವರಾರೂ ನಿಘಂಟು ಬರೆಯಲೆಂದೋ ಪತ್ರಿಕೆ ನಡೆಸಲೆಂದೋ ಈ ನಾಡಿಗೆ ಬಂದವರಲ್ಲ. ಸಂತೆ, ಜಾತ್ರೆ, ಪೇಟೆಬೀದಿಗಳಲ್ಲಿ ನಿಂತು ತಮ್ಮ ಮತವನ್ನು ಬೋಧಿಸಲು ಬಂದವರು. ಅವರನ್ನು ಕಳುಹಿಸಿದ ಸಂಸ್ಥೆಯ ದೃಷ್ಟಿಯಲ್ಲಿ ಬೋಧನೆಯೇ ಮುಖ್ಯ ಕಾಯಕವಾಗಿತ್ತು. ಉಳಿದುದೆಲ್ಲ ಅದಕ್ಕೆ ಪೂರಕ. ನಮ್ಮ ಅಧ್ಯಯನಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅವರ ಭಾಷಾಸೇವೆಯನ್ನು ಕೊಂಡಾಡುವವರು ಬೋಧನೆಯನ್ನು ಮುಜುಗರದ ಅನುಬಂಧವೆಂದು ಬದಿಗಿಡುತ್ತಾರೆ. ಮತಪ್ರಚಾರವನ್ನು ಖಂಡಿಸುವವರು ಭಾಷಾಸೇವೆಯನ್ನು ಬರಿಯ ಮುಖವಾಡವೆಂದು ತಳ್ಳಿಹಾಕುತ್ತಾರೆ. ಈ ಬೋಧಕರು ನಿಜವಾಗಿ ಏನನ್ನು ನಂಬಿದ್ದರು ಎಂಬ ಸರಳ ಪ್ರಶ್ನೆಯನ್ನು ಎರಡೂ ನಿಲುವುಗಳು ಕೇಳುವುದಿಲ್ಲ. ಅವರನ್ನು ಕನ್ನಡದ ಆಳಕ್ಕೆ ಇಳಿಸಿದ ಪ್ರೇರಣೆ ಮತ್ತು ಈ ನೆಲದ ಧರ್ಮಗಳ ಬಗೆಗೆ ಕಠೋರವಾಗಿ ಮಾತನಾಡಿಸಿದ ಪ್ರೇರಣೆ ಬೇರೆಬೇರೆಯಲ್ಲ, ಒಂದೇ ನಂಬಿಕೆಯ ಎರಡು ಫಲಗಳು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿನ್ನೆಲೆ

ಹದಿನೇಳನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳೊಳಗೆ ‘ಪಯಟಿಸಂ’ ಎಂದು ಹೆಸರಾದ ಭಕ್ತಿಪರ ಸುಧಾರಣೆಯೊಂದು ಹುಟ್ಟಿತು. 1675ರಲ್ಲಿ ಸ್ಪೇನರ್ ಪ್ರಕಟಿಸಿದ ಕೃತಿ ಇದರ ಆರಂಭದ ಗುರುತು. ಸರಿಯಾದ ಸಿದ್ಧಾಂತವನ್ನು ಬಾಯಲ್ಲಿ ಒಪ್ಪಿಕೊಂಡರೆ ಸಾಲದು, ಅದು ಅಂತಃಕರಣದಲ್ಲಿ ಅನುಭವವಾಗಬೇಕು, ನಡತೆಯಲ್ಲಿ ಕಾಣಬೇಕು ಎಂಬುದು ಇದರ ಸಾರ. ಹಾಲೆ ನಗರದಲ್ಲಿ ಬೆಳೆದ ಈ ಚಳವಳಿಯ ಮೂಲಕವೇ 1706ರಲ್ಲಿ ಸೀಗನ್‌ಬಾಲ್ಗ್ ತರಂಗಂಬಾಡಿಗೆ ಬಂದನು. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಅದು ರೈತರು, ನೇಕಾರರು, ಕುಶಲಕರ್ಮಿಗಳ ಮನೆಗಳಲ್ಲಿ ಬೇರೂರಿತು. ಸಂಜೆಯ ಹೊತ್ತು ಮನೆಗಳಲ್ಲಿ ಸೇರಿ ಬೈಬಲನ್ನು ಓದಿ, ತಮ್ಮ ತಮ್ಮ ಒಳಗಿನ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವ ಚಿಕ್ಕ ಕೂಟಗಳು ಅದರ ಜೀವನಾಡಿ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಗೆ ಈ ವುರ್ಟೆಂಬರ್ಗ್ ಭಕ್ತರೇ ಬಹುಮಟ್ಟಿಗೆ ಅಭ್ಯರ್ಥಿಗಳನ್ನು ಒದಗಿಸಿದರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಲೆಹನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಮೊಗ್ಲಿಂಗ್ ಬಂದನು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಅನುಕ್ರಮವಾಗಿ 1837, 1839, 1841ರಲ್ಲಿ ಕೇಂದ್ರಗಳು ಆರಂಭವಾದವು. ಕನ್ನಡದಲ್ಲಿ ಕ್ರೈಸ್ತ ಬೋಧನೆಗೆ ಇವರೇ ಮೊದಲಿಗರಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಬಳ್ಳಾರಿಗೆ ಬಂದು ಬೈಬಲ್ ಅನುವಾದಕ್ಕೆ ತೊಡಗಿದ್ದನು. ಆ ಅನುವಾದದ ಫಲವನ್ನು ಬಾಸೆಲಿನವರು ಬಳಸಿಕೊಂಡರು, ತಿದ್ದಿದರು, ಮುಂದುವರಿಸಿದರು.

ಬೀದಿ ಪ್ರಸಂಗದ ಸ್ವರೂಪ

ಕನ್ನಡ ಕ್ರೈಸ್ತ ಪರಿಭಾಷೆಯಲ್ಲಿ ಬೋಧನೆಗೆ ‘ಪ್ರಸಂಗ’ ಎಂಬ ಹೆಸರಿದೆ. ಬೀದಿ ಪ್ರಸಂಗಕ್ಕೆ ಮಿಷನರಿ ಒಬ್ಬನೇ ಹೋಗುತ್ತಿದ್ದುದು ಅಪರೂಪ. ಜೊತೆಯಲ್ಲಿ ‘ಉಪದೇಶಿ’ ಎನಿಸಿಕೊಂಡ ಸ್ಥಳೀಯ ಬೋಧಕರಿರುತ್ತಿದ್ದರು. ಸಂತೆಯ ಒಂದು ಮೂಲೆ, ಮರದ ಕಟ್ಟೆ, ಚಾವಡಿ ಅಥವಾ ಜಾತ್ರೆಯ ದಾರಿಯ ಬದಿ ಸಾಮಾನ್ಯವಾದ ಸ್ಥಳಗಳು. ಹಾಡು ಇಲ್ಲವೆ ಓದಿನಿಂದ ಜನರನ್ನು ಸೇರಿಸುವುದು, ಚಿಕ್ಕ ದೃಷ್ಟಾಂತದಿಂದ ಮಾತಿಗೆ ತೊಡಗುವುದು, ಪ್ರಶ್ನೆಗಳಿಗೆ ಉತ್ತರಿಸುವುದು, ಕೊನೆಯಲ್ಲಿ ಕಿರುಹೊತ್ತಗೆಗಳನ್ನು ಹಂಚುವುದು ಅಥವಾ ಅಲ್ಪ ಬೆಲೆಗೆ ಮಾರುವುದು ವಾಡಿಕೆಯ ಕ್ರಮ. 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕಲ್ಲಚ್ಚಿನ ಮುದ್ರಣಾಲಯ ಈ ಹೊತ್ತಗೆಗಳ ಬೇಡಿಕೆಯನ್ನು ಪೂರೈಸಿತು.

ಬೀದಿಯನ್ನೇ ಆರಿಸಿಕೊಂಡುದಕ್ಕೂ ನಂಬಿಕೆಗೂ ನೇರ ಸಂಬಂಧವಿದೆ. ಈ ಬೋಧಕರ ಪ್ರಕಾರ ದೇವರ ವಾಕ್ಯವನ್ನು ಕೇಳುವ ಹಕ್ಕು ಜಾತಿ, ವಿದ್ಯೆ, ಲಿಂಗಗಳ ಭೇದವಿಲ್ಲದೆ ಎಲ್ಲರಿಗೂ ಇದೆ. ಕೇಳಿಸುವ ಹೊಣೆ ಬೋಧಕನದು. ದೀಕ್ಷೆಯಿಲ್ಲದವನಿಗೆ ಮಂತ್ರವನ್ನು ಹೇಳಬಾರದೆಂಬ ಕಟ್ಟಳೆಯ ನಾಡಿನಲ್ಲಿ, ತನ್ನ ಮತದ ಅತ್ಯಂತ ಗಹನ ತತ್ವವನ್ನೇ ಸಂತೆಯಲ್ಲಿ ಕೂಗಿ ಹೇಳುವ ಗುರು ಕೇಳುಗರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ನಂಬಿಕೆಯ ಮೂಲತತ್ವಗಳು

ಮೊದಲನೆಯದು, ಬೈಬಲಿನ ಏಕೈಕ ಪ್ರಾಮಾಣ್ಯ. ಅದು ದೇವರ ವಾಕ್ಯ, ಸತ್ಯಕ್ಕೆ ಅದೇ ಒರೆಗಲ್ಲು. ಸಂಪ್ರದಾಯ, ತರ್ಕ, ಅನುಭವಗಳು ಅದಕ್ಕೆ ಅಧೀನ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿಯೇ ಬೈಬಲಿನ ಐತಿಹಾಸಿಕ ವಿಮರ್ಶೆ ಪ್ರಬಲವಾಗುತ್ತಿತ್ತು. 1835ರಲ್ಲಿ ಡೇವಿಡ್ ಸ್ಟ್ರೌಸ್ ಬರೆದ ಯೇಸುಚರಿತ್ರೆ ದೊಡ್ಡ ಕೋಲಾಹಲವನ್ನೆಬ್ಬಿಸಿತು; ಸ್ಟ್ರೌಸ್ ಕೂಡ ವುರ್ಟೆಂಬರ್ಗಿನವನೇ. ಬಾಸೆಲ್ ಬೋಧಕರು ಈ ಹೊಸ ವಿಮರ್ಶೆಯನ್ನು ಒಪ್ಪದ ಪಕ್ಷದವರು. ಅವರನ್ನು ಸಂಪ್ರದಾಯನಿಷ್ಠರೆಂದು ಕರೆಯುವುದು ಈ ಅರ್ಥದಲ್ಲಿ.

ಎರಡನೆಯದು, ಮನುಷ್ಯನ ಪಾಪಸ್ಥಿತಿ. ಪಾಪವೆಂದರೆ ಎಣಿಸಬಹುದಾದ ತಪ್ಪುಗಳ ಮೊತ್ತವಲ್ಲ; ದೇವರಿಂದ ವಿಮುಖವಾದ ಹೃದಯದ ಸ್ಥಿತಿ. ಆದಾಮನ ಸಂತತಿಯವರೆಲ್ಲರೂ ಈ ಸ್ಥಿತಿಯಲ್ಲಿ ಹುಟ್ಟುತ್ತಾರೆ. ಮೂರನೆಯದು, ಕ್ರಿಸ್ತನ ಮರಣವೊಂದರಿಂದಲೇ ಪಾಪಕ್ಕೆ ಪರಿಹಾರ. ನಾಲ್ಕನೆಯದು, ಈ ಪರಿಹಾರವು ನಂಬಿಕೆಯಿಂದ ದೊರಕುವ ಕೃಪೆ. ತಪಸ್ಸು, ದಾನ, ಯಾತ್ರೆ, ಉಪವಾಸಗಳಿಂದ ಗಳಿಸುವ ಪುಣ್ಯವಲ್ಲ. ಐದನೆಯದು, ಹೊಸ ಹುಟ್ಟು. ಪ್ರತಿಯೊಬ್ಬನೂ ತಾನೇ ಪಶ್ಚಾತ್ತಾಪಪಟ್ಟು, ತಾನೇ ದೇವರ ಕಡೆಗೆ ತಿರುಗಬೇಕು. ತಂದೆಯ ನಂಬಿಕೆ ಮಗನಿಗೆ ಆಗಿಬರುವುದಿಲ್ಲ.

ಪಯಟಿಸ್ಟರ ವೈಶಿಷ್ಟ್ಯವಿರುವುದು ಈ ಐದನೆಯ ತತ್ವದ ಮೇಲಿನ ಒತ್ತಿನಲ್ಲಿ. ಅದರ ಪರಿಣಾಮವಾಗಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದವನೂ ಅವರ ಲೆಕ್ಕದಲ್ಲಿ ತಾನಾಗಿಯೇ ನಿಜವಾದ ಕ್ರೈಸ್ತನಾಗುತ್ತಿರಲಿಲ್ಲ. ಹೆಬಿಕ್‌ನ ಬೋಧನೆ ಇದಕ್ಕೆ ಒಳ್ಳೆಯ ನಿದರ್ಶನ. ಮಂಗಳೂರಿನಿಂದ 1841ರಲ್ಲಿ ಕಣ್ಣೂರಿಗೆ ಹೋಗಿ ನೆಲೆಸಿದ ಆತ ತಳಿಪರಂಬ ಮೊದಲಾದೆಡೆಗಳ ಉತ್ಸವಗಳಲ್ಲಿ ನಿಂತು ಯಾತ್ರಿಕರಿಗೆ ಬೋಧಿಸಿದಂತೆಯೇ, ದಂಡಿನ ಪ್ರದೇಶದ ಇಂಗ್ಲಿಷ್ ಅಧಿಕಾರಿಗಳ ಮತ್ತು ಸೈನಿಕರ ಮನೆಬಾಗಿಲಿಗೂ ಹೋಗಿ, ಅವರೂ ಪಶ್ಚಾತ್ತಾಪಪಡಬೇಕೆಂದು ಪಟ್ಟುಹಿಡಿದನು. ಆತನ ದೃಷ್ಟಿಯಲ್ಲಿ ಮುಖ್ಯವಾದ ಗೆರೆ ಯುರೋಪಿಗೂ ಭಾರತಕ್ಕೂ ನಡುವೆ ಇರಲಿಲ್ಲ. ತಿರುಗಿದವರಿಗೂ ತಿರುಗದವರಿಗೂ ನಡುವೆ ಇತ್ತು. ಈ ಮಾತಿನಿಂದ ಮಿಷನ್ನಿಗೆ ವಸಾಹತು ಆಡಳಿತದ ಆಶ್ರಯವಿರಲಿಲ್ಲವೆಂದು ಅರ್ಥವಾಗದು. ಆ ಆಶ್ರಯವಿತ್ತು. ಆದರೆ ಬೋಧಕರ ನಂಬಿಕೆಯನ್ನು ಆಡಳಿತದ ನೆರಳೆಂದಷ್ಟೇ ವಿವರಿಸಿದರೆ ಈ ಸಂಗತಿ ಅರ್ಥವಾಗದೆ ಉಳಿಯುತ್ತದೆ.

ಆರನೆಯದು, ಶಿಸ್ತಿನ ಜೀವನ. ಒಳಗಿನ ಬದಲಾವಣೆಗೆ ಹೊರಗಿನ ನಡತೆ ಸಾಕ್ಷಿಯಾಗಬೇಕು: ಭಾನುವಾರದ ವಿರಾಮ, ಮದ್ಯದ ವರ್ಜನೆ, ದುಡಿಮೆ, ಜಾತಿಭೇದದ ತ್ಯಾಗ. ಏಳನೆಯದು, ಕ್ರಿಸ್ತನ ಪುನರಾಗಮನ ಮತ್ತು ಅಂತಿಮ ನ್ಯಾಯತೀರ್ಪು. ವುರ್ಟೆಂಬರ್ಗಿನ ಪ್ರಸಿದ್ಧ ವ್ಯಾಖ್ಯಾನಕಾರ ಬೆಂಗಲ್ ಬೈಬಲಿನ ಸಂಖ್ಯೆಗಳನ್ನು ಗಣಿಸಿ 1836ರಲ್ಲಿ ಹೊಸ ಯುಗ ಆರಂಭವಾಗುವುದೆಂದು ಹೇಳಿದ್ದನು. ಬೆಂಗಲ್ 1752ರಲ್ಲಿಯೇ ತೀರಿಕೊಂಡಿದ್ದರೂ ಆ ನಿರೀಕ್ಷೆ ಅಲ್ಲಿನ ಭಕ್ತರ ಮನೆಗಳಲ್ಲಿ ಎರಡು ಮೂರು ತಲೆಮಾರು ಬದುಕಿತ್ತು. ವರ್ಷವೇನೋ ಸದ್ದಿಲ್ಲದೆ ಕಳೆದುಹೋಯಿತು. ಕಾಲ ಸಮೀಪಿಸಿದೆಯೆಂಬ ಭಾವ ಉಳಿಯಿತು. ಸಮಯ ಸ್ವಲ್ಪವೇ ಇದೆ, ಕೇಳದೆ ಸಾಯುವವರು ನಾಶವಾಗುತ್ತಾರೆ ಎಂಬ ಆತಂಕ ಬೀದಿ ಬೋಧನೆಯ ಅವಸರಕ್ಕೂ ಕೆಲವೊಮ್ಮೆ ಅದರ ಒರಟುತನಕ್ಕೂ ಕಾರಣ.

ಕನ್ನಡ ಮಾತುಗಳ ಪ್ರತಿರೋಧ

ಈ ತತ್ವಗಳನ್ನು ಕನ್ನಡದಲ್ಲಿ ಹೇಳಹೊರಟಾಗ ಪ್ರತಿಯೊಂದು ಮುಖ್ಯ ಪದವೂ ಬೋಧಕನ ಕೈಮೀರಿ ನಿಂತಿತು. ‘ಪಾಪ’ ಎಂಬ ಮಾತನ್ನು ನೋಡಬಹುದು. ಕನ್ನಡದಲ್ಲಿ ಅದು ‘ಪುಣ್ಯ’ದ ಜೋಡಿ. ಒಂದನ್ನು ಮಾಡಿದರೆ ಇನ್ನೊಂದರಿಂದ ಕಳೆಯಬಹುದು. ಈ ಜನ್ಮದ್ದು ಮುಂದಿನದಕ್ಕೆ ಸಾಗುತ್ತದೆ. ನೊಂದವನನ್ನು ಕಂಡಾಗ ‘ಅಯ್ಯೋ ಪಾಪ’ ಎನ್ನುವ ಕರುಣೆಯ ಅರ್ಥವೂ ಅದಕ್ಕಿದೆ. ಹುಟ್ಟಿನಿಂದಲೇ ಎಲ್ಲರೂ ಪಾಪಿಗಳು ಎಂಬ ಮಾತು ಇಂಥ ಕೇಳುಗನಿಗೆ ಹಿಂದಿನ ಜನ್ಮದ ಕರ್ಮಫಲವೆಂದೇ ಅರ್ಥವಾಗುವ ಸಂಭವವಿತ್ತು. ಬೋಧಕ ನಿರಾಕರಿಸುತ್ತಿದ್ದ ಸಿದ್ಧಾಂತವನ್ನೇ ಅವನ ಮಾತು ಸಮರ್ಥಿಸಿದಂತಾಗುತ್ತಿತ್ತು.

‘ಹೊಸದಾಗಿ ಹುಟ್ಟಬೇಕು’ ಎಂಬ ಮಾತಿನ ಪಾಡು ಇನ್ನೂ ಕಷ್ಟದ್ದು. ಹುಟ್ಟುಸಾವುಗಳ ಸುತ್ತಿನಿಂದ ಬಿಡುಗಡೆಯೇ ಪರಮಗತಿಯೆಂದು ನಂಬಿದ ಜನರ ಮುಂದೆ ಮತ್ತೊಂದು ಹುಟ್ಟನ್ನು ವರವೆಂದು ಸಾರುವುದು ಹೇಗೆ? ‘ಪುನರ್ಜನ್ಮ’ ಎಂಬ ಸಿದ್ಧಪದ ಇಲ್ಲಿ ಒದಗುವಂತಿರಲಿಲ್ಲ. ‘ಮೋಕ್ಷ’ಕ್ಕೆ ಬಂಧವಿಮೋಚನೆಯ ಅರ್ಥ ಗಟ್ಟಿಯಾಗಿ ಅಂಟಿಕೊಂಡಿತ್ತು. ‘ರಕ್ಷಣೆ’, ‘ನಿತ್ಯಜೀವ’, ‘ದೀಕ್ಷಾಸ್ನಾನ’, ‘ಸುವಾರ್ತೆ’ ಮುಂತಾದ ಪದಗಳು ಕನ್ನಡ ಕ್ರೈಸ್ತ ಭಾಷೆಯಲ್ಲಿ ನೆಲೆಗೊಂಡುದನ್ನು ಈ ಇಕ್ಕಟ್ಟಿನ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಕ್ರಿಸ್ತನ ಬಲಿಯ ಮಾತು ಪ್ರದೇಶಕ್ಕೊಂದು ಬಗೆಯಲ್ಲಿ ಕೇಳಿಸುವಂಥದು. ಕರಾವಳಿಯಲ್ಲಿ ಭೂತಗಳಿಗೆ ಕೋಳಿಯ ಬಲಿ ಬಲ್ಲ ಜನರಿಗೆ ರಕ್ತದ ಕಾಣಿಕೆ ಹೊಸತಲ್ಲ. ಹುಬ್ಬಳ್ಳಿ-ಧಾರವಾಡದ ಲಿಂಗಾಯತ ಕೇಳುಗರಿಗೆ ರಕ್ತದಿಂದ ಶುದ್ಧಿಯೆಂಬ ಕಲ್ಪನೆಯೇ ಹೇಸಿಗೆಯದು. ಯಜ್ಞದ ಹಿಂಸೆಯನ್ನು ಖಂಡಿಸಿದ ಪರಂಪರೆ ಅವರದು. ಕಿಟೆಲ್ 1872ರಲ್ಲಿ ಪ್ರಕಟಿಸಿದ ‘ಯಜ್ಞಸುಧಾನಿಧಿ’ಯನ್ನು ಈ ಪ್ರಶ್ನೆಗೆ ನೀಡಿದ ವಿಸ್ತಾರವಾದ ಉತ್ತರವೆಂದು ಓದಬಹುದು. ವೈದಿಕ ಯಜ್ಞಕಲ್ಪನೆಯನ್ನು ಶೋಧಿಸಿ, ಅದರ ಪೂರ್ಣತೆಯನ್ನು ಕ್ರಿಸ್ತನಲ್ಲಿ ತೋರಿಸುವ ಯತ್ನ ಅದು.

‘ಹೃದಯ ದರ್ಪಣ’ವೆಂಬ ಕಿರುಹೊತ್ತಗೆಯೂ ಗಮನಾರ್ಹ. ಜರ್ಮನಿಯ ಗೋಸ್ನರ್ 1812ರಲ್ಲಿ ಪ್ರಕಟಿಸಿದ ಚಿತ್ರಪುಸ್ತಕ ಇದರ ಮೂಲ. ಮನುಷ್ಯನ ಹೃದಯದಲ್ಲಿ ನವಿಲು, ಹಂದಿ, ಹಾವು, ಹುಲಿ, ಆಮೆ ಮುಂತಾದ ಪ್ರಾಣಿಗಳು ಸೇರಿಕೊಂಡಿರುವ ಚಿತ್ರ ಅದರಲ್ಲಿದೆ. ಅವು ಅಹಂಕಾರ, ಹೊಟ್ಟೆಬಾಕತನ, ಮತ್ಸರ, ಕ್ರೋಧ, ಆಲಸ್ಯಗಳ ಸಂಕೇತಗಳು. ಅರಿಷಡ್ವರ್ಗಗಳ ಮಾತು ಕೇಳಿ ಬೆಳೆದ ಕನ್ನಡಿಗನಿಗೆ ಈ ಚಿತ್ರ ತಟ್ಟನೆ ಅರ್ಥವಾಗುವಂಥದು. ಆದರೆ ಮುಂದಿನ ಪುಟದಲ್ಲಿ ದಾರಿ ಕವಲೊಡೆಯುತ್ತದೆ. ನಮ್ಮ ಪರಂಪರೆಯ ಸಾಧಕ ಅರಿಗಳನ್ನು ತಾನೇ ಗೆಲ್ಲುತ್ತಾನೆ, ಇಲ್ಲವೆ ಗುರುಕೃಪೆಯ ಬಲದಿಂದ ಗೆಲ್ಲುತ್ತಾನೆ. ಹೊತ್ತಗೆಯ ಮನುಷ್ಯನಿಗೆ ಸ್ವಂತ ಬಲದಿಂದ ಗೆಲ್ಲುವ ಶಕ್ತಿಯೇ ಇಲ್ಲ. ಪವಿತ್ರಾತ್ಮನ ಬೆಳಕು ಒಳಹೊಕ್ಕಾಗಲೇ ಪ್ರಾಣಿಗಳು ಹೊರಗೋಡುತ್ತವೆ. ಸಾಮ್ಯದ ಬಾಗಿಲಿನಿಂದ ಕರೆದು ಭೇದದ ಮುಂದೆ ನಿಲ್ಲಿಸುವ ಈ ಕ್ರಮವೇ ಬೀದಿ ಬೋಧನೆಯ ಕ್ರಮವೂ ಆಗಿತ್ತು.

ಕೇಳುಗರ ಮರುಪ್ರಶ್ನೆ

ಬೀದಿ ಪ್ರಸಂಗ ಒಮ್ಮುಖದ ವ್ಯವಹಾರವಾಗಿರಲಿಲ್ಲ. ದೇವರು ಒಬ್ಬನೇ, ದಾರಿಗಳು ಹಲವು, ಅವರವರ ಕುಲಕ್ಕೆ ಅವರವರ ಧರ್ಮ ಎಂಬುದು ಬೋಧಕರು ಮತ್ತೆ ಮತ್ತೆ ಎದುರಿಸಿದ ಉತ್ತರ. ಈ ಸುವಾರ್ತೆಯನ್ನು ಕೇಳದೆ ತೀರಿಹೋದ ನಮ್ಮ ಹಿರಿಯರ ಗತಿಯೇನು ಎಂಬುದು ಅದಕ್ಕಿಂತ ತೀಕ್ಷ್ಣವಾದ ಪ್ರಶ್ನೆ. ಒಬ್ಬೊಬ್ಬನೂ ತಾನೇ ತಿರುಗಬೇಕೆಂಬ ನಂಬಿಕೆಗೆ ಪಿತೃಗಳನ್ನೂ ಸಂತತಿಯನ್ನೂ ಒಂದೇ ಸರಪಳಿಯಲ್ಲಿ ಕಾಣುವ ಮನಸ್ಸು ಒಡ್ಡಿದ ಸವಾಲು ಅದು. ಬೋಧಕರ ಸಿದ್ಧಾಂತದಲ್ಲಿ ಇದಕ್ಕೆ ಸಮಾಧಾನಕರವಾದ ಉತ್ತರ ಸುಲಭವಾಗಿ ದೊರಕುವಂತಿರಲಿಲ್ಲ.

ಹೆಚ್ಚು ಅರ್ಥಪೂರ್ಣವಾದ ಮುಖಾಮುಖಿ ನಡೆದುದು ಹುಬ್ಬಳ್ಳಿ-ಗದಗ ಸೀಮೆಯಲ್ಲಿ. 1840ರ ಸುಮಾರಿಗೆ ಅಲ್ಲಿ ಕಾಲಜ್ಞಾನದ ನುಡಿಗಳಲ್ಲಿ ವಿಶ್ವಾಸವಿಟ್ಟಿದ್ದ ಕೆಲವು ಗುಂಪುಗಳು ಮಿಷನರಿಗಳನ್ನು ಅರಸಿ ಬಂದವು. ಮುಂದೆ ಹೊಸ ಕಾಲ ಬರುವುದು, ಧರ್ಮವನ್ನು ನೆಲೆಗೊಳಿಸುವವನು ಬರುವನು ಎಂಬ ತಮ್ಮ ಭವಿಷ್ಯವಾಣಿಗೂ ಈ ಪರದೇಶಿಗಳ ಬರವಿಗೂ ಅವರು ಸಂಬಂಧ ಕಲ್ಪಿಸಿದರು. ಮಿಷನ್ನಿನವರಲ್ಲಿ ಭಾರಿ ನಿರೀಕ್ಷೆ ಹುಟ್ಟಿತು. 1841ರಲ್ಲಿ ಗದಗದ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸತಿಯೊಂದನ್ನು ಆರಂಭಿಸಲಾಯಿತು. ಆದರೆ ಸಾಮೂಹಿಕ ಮತಾಂತರ ನಡೆಯಲಿಲ್ಲ, ವಸತಿಯೂ ಯಶಸ್ವಿಯಾಗಲಿಲ್ಲ. ಬಂದವರು ತಮ್ಮ ಕಾಲಜ್ಞಾನ ನಿಜವಾಗುವುದನ್ನು ನೋಡಲು ಬಂದಿದ್ದರು. ಬೋಧಕರು ಒಬ್ಬೊಬ್ಬರಿಂದಲೂ ಪಾಪದ ಅರಿಕೆಯನ್ನು ಬಯಸಿದರು. ಬೆಂಗಲ್‌ನ ಗಣನೆಯ ನೆನಪಿದ್ದ ನಾಡಿನಿಂದ ಬಂದವರೂ ಕೊಡೇಕಲ್ಲ ಬಸವಣ್ಣನಂಥವರ ಕಾಲಜ್ಞಾನ ಸಾಹಿತ್ಯ ಬೆಳೆದ ನಾಡಿನವರೂ, ಅಂದರೆ ಬರಲಿರುವ ಕಾಲವನ್ನು ಕಾಯುತ್ತಿದ್ದ ಎರಡು ಸಮುದಾಯಗಳು, ಹೀಗೆ ಎದುರುಬದುರಾಗಿ ನಿಂತು ಅಗಲಿದವು. ತನ್ನ ನಿರೀಕ್ಷೆಯನ್ನು ದೇವವಾಕ್ಯವೆಂದೂ ಅವರದನ್ನು ಮೂಢನಂಬಿಕೆಯೆಂದೂ ಎಣಿಸಿದ ಬೋಧಕನಿಗೆ ಈ ಹೋಲಿಕೆ ಕಾಣುವುದು ಸುಲಭವಿರಲಿಲ್ಲ.

ನಂಬಿಕೆಯ ಬೆಲೆ

ಈ ಬೋಧನೆಯನ್ನು ಒಪ್ಪಿದವರು ತೆತ್ತ ಬೆಲೆ ಸಣ್ಣದಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಸ್ನೇಹಿತರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕ್ಷೋಭೆಯುಂಟಾಯಿತು. ಮಿಷನ್ ಶಾಲೆಯಿಂದ ವಿದ್ಯಾರ್ಥಿಗಳು ಹೊರನಡೆದರು. ಕುಟುಂಬಕ್ಕೆ ಅದು ಬದುಕಿರುವ ಮಗನ ಮರಣವೇ ಆಗಿತ್ತು. ಕೌಂಡಿನ್ಯ ಮುಂದೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಬಂದು, 1893ರಲ್ಲಿ ತೀರಿಕೊಳ್ಳುವವರೆಗೂ ಮಿಷನ್ನಿನಲ್ಲಿದ್ದನು.

ಕರಾವಳಿಯಲ್ಲಿ ಮತಾಂತರಗೊಂಡವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆಗಾರಿಕೆ. ಮದ್ಯವನ್ನು ಪಾಪವೆಂದ ಸಭೆಯನ್ನು ಸೇರಿದ ಮೇಲೆ ಕಳ್ಳು ಇಳಿಸುವಂತಿರಲಿಲ್ಲ. ಕುಲದಿಂದ ಹೊರಬಿದ್ದವರಿಗೆ ಅಳಿಯಸಂತಾನದ ಆಸ್ತಿಯ ಹಕ್ಕು ಕೈತಪ್ಪಿತು, ಭೂಮಾಲೀಕರ ಗೇಣಿಯೂ ಅಸ್ಥಿರವಾಯಿತು. 1850ರ ಕಾಯಿದೆ ಮತಾಂತರಿತರ ಆಸ್ತಿಹಕ್ಕನ್ನು ಮಾನ್ಯಮಾಡಿದರೂ ಕಾಗದದ ಹಕ್ಕು ಮನೆಯಂಗಳದಲ್ಲಿ ನಡೆಯುತ್ತಿರಲಿಲ್ಲ. ಹೀಗೆ ನಿರ್ಗತಿಕರಾದವರಿಗೆ ಉದ್ಯೋಗ ಒದಗಿಸುವ ಹೊಣೆ ಮಿಷನ್ನಿನ ಮೇಲೆಯೇ ಬಿತ್ತು. ನೇಯ್ಗೆ ಶಾಲೆಗಳೂ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಈ ಒತ್ತಡದ ಫಲಗಳು. ಮಂಗಳೂರು ಹೆಂಚಿನ ಕೀರ್ತಿಯ ಹಿಂದೆ ಆರನೆಯ ಮೂಲತತ್ವ, ಅಂದರೆ ಶಿಸ್ತಿನ ಜೀವನದ ಕಟ್ಟುನಿಟ್ಟು, ಇದೆಯೆಂಬುದನ್ನು ಆರ್ಥಿಕ ಚರಿತ್ರೆ ಮರೆಯಬಾರದು. ಅನ್ನ ಕೊಡುವ ಕೈಯೂ ಆತ್ಮವನ್ನು ಪರೀಕ್ಷಿಸುವ ಕಣ್ಣೂ ಒಂದೇ ಆದಾಗ ಹುಟ್ಟುವ ಪರಾಧೀನತೆಯನ್ನೂ ಮರೆಯಬಾರದು.

ಬೀದಿಯಿಂದ ಗ್ರಂಥದೆಡೆಗೆ

ಕೇಳುಗನು ತಾನೇ ಕೇಳಿ, ತಾನೇ ಅರಿತು, ತಾನೇ ತಿರುಗಬೇಕಾದರೆ ಬೋಧಕನ ಮಾತು ಅವನ ಅಂತರಂಗವನ್ನು ಮುಟ್ಟುವ ಮಾತಾಗಿರಬೇಕು. ಆಚರಣೆಯೇ ಸಾಕೆನ್ನುವ ಮತಕ್ಕೆ ದುಭಾಷಿಯಿದ್ದರೆ ಸಾಕು. ಹೃದಯಪರಿವರ್ತನೆಯನ್ನು ಬೇಡುವ ಮತಕ್ಕೆ ಹೃದಯದ ಭಾಷೆಯೇ ಬೇಕು. ಬೀದಿಯಲ್ಲಿ ಎದುರಾಳಿ ಉದ್ಧರಿಸುವ ಪುರಾಣ, ದಾಸರ ಪದ, ಸರ್ವಜ್ಞನ ತ್ರಿಪದಿಗಳನ್ನು ಅರಿಯದವನು ಉತ್ತರಿಸುವಂತೆಯೂ ಇರಲಿಲ್ಲ. ಮೊಗ್ಲಿಂಗ್ ನಿವೃತ್ತ ನ್ಯಾಯಾಧೀಶ ಕಸಮೇಜರನ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದುದಕ್ಕೂ, ಮ್ಯಾನರ್ 1886ರಲ್ಲಿ ತುಳು ಪಾಡ್ದನಗಳನ್ನು ಪ್ರಕಟಿಸಿದುದಕ್ಕೂ ಈ ಅಗತ್ಯ ಒಂದು ಪ್ರಬಲ ಪ್ರೇರಣೆ. ಬೋಧಕರು ಪಿಶಾಚಿಯೆಂದು ತೆಗಳಿದ ಭೂತದ ಹಾಡನ್ನೇ ಅವರ ಮುದ್ರಣಾಲಯ ಕಾಲದ ಬಾಯಿಂದ ಉಳಿಸಿಕೊಟ್ಟಿತು. ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯಾಗಿ ಷಟ್ಪದಿಯಲ್ಲಿ ಬರೆದನು, ಛಂದಸ್ಸು ಹಾಗೂ ವ್ಯಾಕರಣಗಳ ಶಾಸ್ತ್ರಗ್ರಂಥಗಳಿಗೂ ಕೈಯಿಕ್ಕಿದನು. ಸಾಧನವೆಂದು ಹಿಡಿದ ಭಾಷೆ ಅವನ ವಿಷಯದಲ್ಲಿ ಜೀವಮಾನದ ಸಾಧ್ಯವೇ ಆಯಿತು.

ಈ ಪರಂಪರೆಯ ಒಳಗಿನಿಂದಲೇ ಅದರ ಗಡಿಗಳನ್ನು ವಿಸ್ತರಿಸಿದವರು ಉತ್ತಂಗಿ ಚೆನ್ನಪ್ಪನವರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1921ರಷ್ಟು ಹಿಂದೆಯೇ ಬಂದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರನ್ನೇ ಗಮನಿಸಬೇಕು. ಬೀದಿ ಬೋಧಕನ ತೀರ್ಪಿನ ಧ್ವನಿ ಅಲ್ಲಿ ವಿನಂತಿಯಾಗಿ ಇಳಿದಿದೆ. ಕ್ರಿಸ್ತನಲ್ಲಿ ಅವರಿಗಿದ್ದ ನಿಷ್ಠೆ ಕುಂದಲಿಲ್ಲ. ಎದುರಿಗಿರುವವನಿಂದ ತಾನು ಕೇಳಬೇಕಾದುದೂ ಇದೆಯೆಂಬ ಅರಿವು ಅದರೊಡನೆ ಸೇರಿತು.

ಸಮಾರೋಪ

1914ರಲ್ಲಿ ಆರಂಭವಾದ ಮಹಾಯುದ್ಧದಿಂದಾಗಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ನಾಡನ್ನು ಬಿಡಬೇಕಾಯಿತು. ಎಂಬತ್ತು ವರ್ಷಗಳ ಬೀದಿ ಬೋಧನೆಯನ್ನು ಮತಾಂತರಗಳ ಸಂಖ್ಯೆಯಿಂದ ಅಳೆದರೆ, ಬೋಧಕರು ಬಯಸಿದುದಕ್ಕೂ ಪಡೆದುದಕ್ಕೂ ಬಹಳ ಅಂತರವಿದೆ. ಸತ್ಯ ಒಂದೇ, ಅದು ತಮ್ಮಲ್ಲಿದೆ, ಅದನ್ನು ಒಪ್ಪದವರು ನಾಶದ ದಾರಿಯಲ್ಲಿದ್ದಾರೆ ಎಂಬ ದೃಢತೆಯಿಂದ ಅವರು ಈ ನಾಡಿನ ದೇವರುಗಳನ್ನು ನಿಂದಿಸಿದರು. ಪ್ರತಿಯೊಬ್ಬನೂ, ಸಂತೆಗೆ ಬಂದ ಕೂಲಿಯವನೂ, ತನ್ನದೇ ನುಡಿಯಲ್ಲಿ ಸತ್ಯವನ್ನು ಕೇಳಿ ತೀರ್ಮಾನಿಸಲು ಅರ್ಹನೆಂಬ ದೃಢತೆಯಿಂದ ಆ ನಾಡಿನ ನುಡಿಗೆ ತಮ್ಮ ಆಯುಷ್ಯವನ್ನು ಕೊಟ್ಟರು. ಮೊದಲನೆಯದನ್ನು ಮರೆತು ಎರಡನೆಯದನ್ನು ಹೊಗಳುವುದೂ, ಎರಡನೆಯದನ್ನು ಮರೆತು ಮೊದಲನೆಯದನ್ನು ಹಳಿಯುವುದೂ ಚರಿತ್ರೆಗೆ ನ್ಯಾಯ ಸಲ್ಲಿಸುವುದಿಲ್ಲ. ನಿಘಂಟು, ಪತ್ರಿಕೆ, ಹೆಂಚುಗಳ ಜೊತೆಗೆ ಈ ಬೋಧಕರ ಕಿರುಹೊತ್ತಗೆಗಳೂ ವಾರ್ಷಿಕ ವರದಿಗಳೂ ನಮ್ಮ ಸಂಶೋಧಕರ ಮೇಜಿನ ಮೇಲೆ ಬರಬೇಕು. ಬೋಧಕನ ಮಾತಿನ ನಡುವೆ ಕೇಳುಗನ ಪ್ರಶ್ನೆಯೂ ಅವುಗಳಲ್ಲಿ ದಾಖಲಾಗಿದೆ. ಸಂತೆಯಲ್ಲಿ ನಿಂತು ಎದುರು ಮಾತನಾಡಿದ, ಹೆಸರುಳಿಯದ ಆ ಕನ್ನಡಿಗನ ವಿಚಾರವನ್ನು ತಿಳಿಯಲು ನಮಗಿರುವ ಆಕರಗಳು ಹೆಚ್ಚಿಲ್ಲ. ಇರುವವುಗಳಲ್ಲಿ ಇವು ಮುಖ್ಯವಾದವು.